ಸಹಿ ಬೀಳುವ ತನಕ ಸಮುದ್ರ ಮಧ್ಯಮ

ನಮ್ಮ ಬಂದರಿನಲ್ಲಿ ಸಮುದ್ರ ತನಗೆ ಬೇಕಾದಾಗ ಉಕ್ಕುವ ಹಾಗಿರಲಿಲ್ಲ. ಮೊದಲು ನಮ್ಮ ಹವಾಮಾನ ಕಚೇರಿಯ ಸಾಹೇಬರ ಸಹಿ ಆಗಬೇಕಿತ್ತು. ಇದು ಸುಳ್ಳು ಅನ್ನಿಸಿದರೆ ನನ್ನ ಹೆಂಡತಿಯನ್ನು ಕೇಳಿ. ಅವಳು ಆವತ್ತು ಊರಲ್ಲೇ ಇರಲಿಲ್ಲ, ಆದರೂ ನನಗಿಂತ ಚೆನ್ನಾಗಿ ಹೇಳುತ್ತಾಳೆ.

ನನ್ನ ಕೆಲಸ ಓದುವುದು. ಹವಾಮಾನ ಕಚೇರಿಯ ಮಹಡಿಯ ಕೋಣೆಯಲ್ಲಿ ಕೂತು ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ‘ನಾವಿಕರ ಗಮನಕ್ಕೆ’ ಎಂದು ಶುರುಮಾಡಿ, ಗಾಳಿ ಯಾವ ದಿಕ್ಕು, ಎಷ್ಟು ವೇಗ, ಅಲೆ ಎಷ್ಟು ಎತ್ತರ ಎಂದು ಮೈಕಿನಲ್ಲಿ ಹೇಳಬೇಕು. ಬೋಟು ಕಟ್ಟುವ ಜೆಟ್ಟಿಯ ಕಂಬಗಳ ಸ್ಪೀಕರಿನಲ್ಲೂ ಬೋಟುಗಳ ವೈರ್‌ಲೆಸ್ಸಿನಲ್ಲೂ ಅದು ಕೇಳುತ್ತದೆ. ನನ್ನ ಧ್ವನಿಯ ಗತ್ತು ಎಂಥದ್ದೆಂದರೆ, ನಾನು ‘ಗಾಳಿ ನೈರುತ್ಯದಿಂದ’ ಎಂದರೆ ಮೀನು ಕದಿಯುತ್ತಿದ್ದ ಕಾಗೆಗಳು ಒಮ್ಮೆ ನೈರುತ್ಯದ ಕಡೆ ತಿರುಗಿ ನೋಡಿ ಆಮೇಲೆ ಕದಿಯುವುದನ್ನು ಮುಂದುವರಿಸುತ್ತಿದ್ದವು.

ಓದುವುದರಲ್ಲಿ ಕೊನೆಯ ಪದವೇ ಮುಖ್ಯ. ಸಮುದ್ರ ಶಾಂತ, ಸಮುದ್ರ ಮಧ್ಯಮ, ಸಮುದ್ರ ಪ್ರಕ್ಷುಬ್ಧ. ಪ್ರಕ್ಷುಬ್ಧ ಎಂದು ನನ್ನ ಬಾಯಿಂದ ಬಂದರೆ ಬೋಟಿನವರು ದಡದಲ್ಲೇ ಉಳಿಯಬಹುದು, ಹೊರಟಿದ್ದರೆ ತಿರುಗಿ ಬರಬಹುದು. ಬೋಟುಗಳ ಧಣಿಗಳು ತುಟಿಪಿಟಕ್ ಅನ್ನುವ ಹಾಗಿಲ್ಲ. ಮಧ್ಯಮ ಎಂದ ದಿನ ಯಾರಾದರೂ ಉಳಿದುಕೊಂಡರೆ ಮಾತ್ರ ಕಥೆ ಬೇರೆ. ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಮತ್ತೆ ಯಾವ ಬೋಟೂ ಅವನನ್ನು ಹತ್ತಿಸಿಕೊಳ್ಳುವುದಿಲ್ಲ. ಇದು ಎಲ್ಲೂ ಬರೆದಿಟ್ಟ ಕಾನೂನಲ್ಲ. ಅದಕ್ಕೇ ಎಲ್ಲರೂ ಪಾಲಿಸುತ್ತಿದ್ದರು.

ಹಿಂದೊಮ್ಮೆ ನಾವು ಪ್ರಕ್ಷುಬ್ಧ ಎಂದ ದಿನ ಸಮುದ್ರ ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಮಲಗಿಬಿಟ್ಟಿತ್ತು. ಧಣಿಗಳು ಬೋಟಿನಲ್ಲಿ ಕರಗಿದ ಐಸಿನ ನೀರನ್ನು ಬಕೆಟಿನಲ್ಲಿ ತಂದು ಸಾಹೇಬರ ಮೇಜಿನ ಮೇಲೆ ಸುರಿದು ಹೋದರು. ಅಂದಿನಿಂದ ಸಾಹೇಬರ ನಿಯಮ: ಆ ಪದ ತಮ್ಮ ಸಹಿಯಿಲ್ಲದೆ ಕಚೇರಿಯ ಹೊರಗೆ ಹೋಗಬಾರದು. ಸಹಿ ಅವರು ಮಾಡಲೇ ಇಲ್ಲ. ಒಂದು ದಿನ ಗಾಳಿ ನಮ್ಮ ಕಚೇರಿಯ ಬೋರ್ಡನ್ನೇ ಕಿತ್ತುಕೊಂಡು ಹೋಗಿ ಆಸ್ಪತ್ರೆಯ ಬಾಗಿಲ ಮೇಲೆ ಕೂರಿಸಿತು. ಜ್ವರ ಅಂತ ಹೋದವರು ಗಾಳಿಯ ದಿಕ್ಕು ಕೇಳಿಕೊಂಡು ಮನೆಗೆ ಬಂದರು. ಆವತ್ತೂ ಸಮುದ್ರ ಮಧ್ಯಮ. ಜನ ಸಾಹೇಬರನ್ನು ಮಧ್ಯಮ ಸಾಹೇಬರು ಎಂದೇ ಕರೆಯತೊಡಗಿದರು.

ನಾನು ಹೇಳುತ್ತಿರುವ ದಿನ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಪಾಳಿಯಲ್ಲಿದ್ದವನು ಮುನ್ಸೂಚನೆ ಬರೆಯುವ ಹುಡುಗಾಟದ ಮನುಷ್ಯ, ನಾವೆಲ್ಲ ಕನ್ನಡಕ ಎನ್ನುತ್ತಿದ್ದೆವು. ಆವತ್ತು ಅವನು ಹುಡುಗಾಟ ಆಡಲಿಲ್ಲ. ಉಪಗ್ರಹದ ಚಿತ್ರ ತೋರಿಸಿದ. ನೈರುತ್ಯದ ಕಡಲಿನ ಮೇಲೆ ಒಂದು ಬಿಳಿ ಸುಳಿ ಉಕ್ಕಿಬರುವ ಹಾಲಿನ ಹಾಗೆ ತಿರುಗುತ್ತಿತ್ತು. ಅದರ ಅಲೆಗಳು ಮುಂದೆ ಬರುತ್ತವೆ, ಗಾಳಿ ಹಿಂದೆ ಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ಎರಡೂ ಇಲ್ಲಿರುತ್ತವೆ ಎಂದ. ಪ್ರಕ್ಷುಬ್ಧ ಎಂದು ಬರೆದು ಸಾಹೇಬರ ಮನೆಗೆ ಫೋನು ಮಾಡಿದ. ಸಾಹೇಬರು ಕಿಟಕಿಯಿಂದ ಆಕಾಶ ನೋಡಿ ಮಧ್ಯಮ ಮಾಡಲು ಹೇಳಿದರು. ಕನ್ನಡಕ ಫೋನಿಟ್ಟವನು ಕೈಯಲ್ಲಿದ್ದ ಪೆನ್ಸಿಲನ್ನು ಮುರಿದ, ಮುರಿದ ತುಂಡುಗಳನ್ನು ಮತ್ತೆ ಮುರಿದ, ಆಮೇಲೆ ನನ್ನ ಪೆನ್ಸಿಲಿಗೆ ಕೈ ಹಾಕಿದ. ನಾನು ಮಧ್ಯಮ ಎಂದು ಓದಿದೆ. ಓದುವವನ ಕೆಲಸ ಓದುವುದು.

ಓದಿ ಮೈಕ್ ಆರಿಸಿ ಅರ್ಧ ಗಂಟೆ ಆಗಿತ್ತೋ ಇಲ್ಲವೋ, ಮೆಟ್ಟಿಲಿನಲ್ಲಿ ನನ್ನ ಅಕ್ಕನ ಹೆಜ್ಜೆ ಕೇಳಿಸಿತು. ಅವಳ ಸಿಟ್ಟು ಯಾವಾಗಲೂ ಅವಳಿಗಿಂತ ಎರಡು ಮೆಟ್ಟಿಲು ಮುಂದೆ ಬರುತ್ತದೆ. ಭಾವ, ಅಂದರೆ ಅವಳ ಗಂಡ, ಆ ಬಂದರಿನಲ್ಲಿ ಎಲ್ಲರಿಗಿಂತ ಮೊದಲು ಹೊರಡುವ ಬೋಟನ್ನು ನಡೆಸುವವರು. ಅವರು ಹೊರಟ ಮೇಲೆಯೇ ಉಳಿದ ಬೋಟುಗಳು ಹಗ್ಗ ಬಿಚ್ಚುವುದು.

“ಯಾರು ಬರೆದಿದ್ದೋ ಮಧ್ಯಮ ಅಂತ?”

ನಾನು ಕನ್ನಡಕನ ಮುಖ ನೋಡಿದೆ.

“ಅವರನ್ನ ಯಾಕೆ ನೋಡ್ತೀಯ? ಓದಿದ್ದು ನೀನು. ಬೆಳಿಗ್ಗೆ ಕಡಲ ಉಸಿರು ನೋಡಿ ನಿನ್ನ ಭಾವ ಇವತ್ತು ಬೇಡ ಅಂದಿದ್ರು. ಆಮೇಲೆ ನಿನ್ನ ಧ್ವನಿ ಕೇಳಿತು. ಮಾತಾಡದೆ ಬೂಟು ಹಾಕ್ಕೊಂಡು ಜೆಟ್ಟಿಗೆ ಹೋದ್ರು. ಹೋಗದೆ ಏನ್ ಮಾಡ್ತಾರೆ? ನಾಳೆಯಿಂದ ಬೋಟ್ ಯಾರು ಕೊಡ್ತಾರೆ, ನೀನು ಕೊಡ್ತೀಯ?”

ಕನ್ನಡಕ ಮೊದಲು ಏನು ಬರೆದಿದ್ದ, ಯಾರು ಬದಲಾಯಿಸಿದರು ಎಂದು ಹೇಳಿಬಿಟ್ಟೆ. ಅಕ್ಕ ಸುಮ್ಮನಾದಳು. ಅವಳು ಕೂಗಾಡುವಾಗ ನಾನು ಹೆದರುವುದಿಲ್ಲ, ಅಭ್ಯಾಸವಾಗಿದೆ. ಸುಮ್ಮನಾದಾಗ ಮಾತ್ರ ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳುತ್ತೇನೆ. ಆದರೆ ಬಾಗಿಲ ಕಡೆಗೆ ಹೊರಟವಳು ಅವಳೇ. ನಾನು ಹಿಂದೆ ಓಡಿದೆ.

ಸಾಹೇಬರು ಮನೆಯ ಮುಂದೆ ಕುಂಡಗಳಿಗೆ ನೀರು ಹಾಕುತ್ತಿದ್ದರು. ಅಕ್ಕ ಕೈ ಮುಗಿದು, ಜೆಟ್ಟಿಯಲ್ಲಿ ಜನ ಏನೇನೋ ಮಾತಾಡ್ತಿದ್ದಾರೆ, ನೀವೇ ಬಂದು ಒಂದು ಮಾತು ಹೇಳಿದರೆ ಎಲ್ಲರಿಗೂ ಸಮಾಧಾನ ಎಂದಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಭಾಷಣ ಎಂದರೆ ಸಾಹೇಬರಿಗೆ ಪ್ರಾಣ. ಪಾಲಿಶ್ ಮಾಡಿದ ಬೂಟು ಹಾಕಿಕೊಂಡು ಬಂದರು.

ಜೆಟ್ಟಿಯಲ್ಲಿ ಭಾವನ ಬೋಟಿನ ಇಂಜಿನ್ ಶುರುವಾಗಿತ್ತು. ಐಸ್ ತುಂಬಿಯಾಗಿತ್ತು. ಬೋಟಿನ ಧಣಿ ಕಂಬಕ್ಕೆ ಒರಗಿ ನಿಂತು, ಐಸ್ ಕರಗುವುದನ್ನು ಕಣ್ಣಲ್ಲೇ ತಡೆಯುವವನ ಹಾಗೆ ನೋಡುತ್ತಿದ್ದ. ಸಾಹೇಬರು ಗಂಟಲು ಸರಿಮಾಡಿಕೊಂಡು, ಹವಾಮಾನ ಒಂದು ವಿಜ್ಞಾನ, ಹೆದರಿಕೆಗೆ ಅದರಲ್ಲಿ ಜಾಗವಿಲ್ಲ, ಸಮುದ್ರ ಮಧ್ಯಮವಾಗಿದೆ ಎಂದು ಹೇಳಿದರು. ಧಣಿ ಚಪ್ಪಾಳೆ ತಟ್ಟಿದ. ಬೇರೆ ಯಾರೂ ತಟ್ಟಲಿಲ್ಲ.

“ಹಾಗಾದ್ರೆ ಹತ್ತಿ ಸಾರ್,” ಎಂದಳು ಅಕ್ಕ. “ತಡೆಗೋಡೆಯ ಬಾಯಿ ತನಕ ಹೋಗಿ ಬನ್ನಿ. ಮಧ್ಯಮ ತಾನೇ?”

ಸಾಹೇಬರು ಕಚೇರಿಯ ಕೆಲಸ ನೆನಪಿಸಿಕೊಂಡರು. ಅವರನ್ನು ಹತ್ತಿಸಿದ್ದು ಅಕ್ಕ ಅಲ್ಲ, ಧಣಿ. ಹೋಗಿ ಬನ್ನಿ ಸಾರ್, ಇವರೆಲ್ಲರ ಬಾಯಿ ಒಂದೇ ಸಲಕ್ಕೆ ಮುಚ್ಚುತ್ತೆ ಎಂದು ಬೆನ್ನಿಗೆ ಕೈ ಕೊಟ್ಟು ತಳ್ಳಿದ. ಅಕ್ಕ ನನ್ನ ಬೆನ್ನಿಗೆ ಕೈ ಕೊಟ್ಟಳು. ಅದು ಧಣಿಯದಕ್ಕಿಂತ ಜೋರಾಗಿತ್ತು.

ಅಲೆ ತಡೆಯಲು ಕಟ್ಟಿದ ಆ ಗೋಡೆಯ ಒಳಗೆ ಏನೂ ಇರಲಿಲ್ಲ. ಸಾಹೇಬರು ದಡದ ಕಡೆ ಕೈ ಬೀಸಿದರು. ಬಾಯಿ ದಾಟಿದ್ದೇ ತಡ, ಮೊದಲ ಅಲೆ ನಮ್ಮ ಕೆಳಗೆ ಬಂತು. ನೊರೆಯಿಲ್ಲ, ಸದ್ದಿಲ್ಲ, ಒಂದು ಬೀದಿಯಷ್ಟು ಉದ್ದದ ನೀರು ಮಲಗಿದಲ್ಲಿಂದ ಎದ್ದು ನಿಂತ ಹಾಗೆ. ಬೋಟು ಮೂತಿ ಎತ್ತಿ ಆಕಾಶ ನೋಡಿತು. ಆಮೇಲೆ ಕೆಳಗೆ ಇಳಿದೆವು, ಇಳಿಯುತ್ತಲೇ ಇದ್ದೆವು. ಅಲೆಯ ತಗ್ಗಿನಲ್ಲಿ ನನಗೆ ತಳದ ಒಂದು ಏಡಿ ಕಾಣಿಸಿತು, ಅದೂ ನಮ್ಮನ್ನು ನೋಡಿ ಅಯ್ಯೋ ಪಾಪ ಅಂದುಕೊಂಡಿರಬೇಕು. ಸಾಹೇಬರು ಬೆಳಗಿನ ತಿಂಡಿಯನ್ನು ಸಮುದ್ರಕ್ಕೆ ಕೊಟ್ಟರು. ಎರಡನೆಯ ಅಲೆಗೆ ಹಿಂದಿನ ದಿನದ್ದನ್ನೂ ಕೊಟ್ಟರು.

ಕಂಬಿ ಹಿಡಿದುಕೊಂಡು, “ಸಾಕು, ತಿರುಗಿಸಿ,” ಎಂದರು.

ಭಾವ ಜಾಸ್ತಿ ಮಾತಾಡುವವರಲ್ಲ. ಚುಕ್ಕಾಣಿಯ ಮೇಲಿನ ಕೈ ತೆಗೆಯದೆ, “ಹೇಗೆ ತಿರುಗಿಸಲಿ ಸಾರ್?” ಎಂದರು. “ಬಾಯಿ ದಾಟಿದ ಬೋಟು ಮಧ್ಯಮದಲ್ಲಿ ತಿರುಗಲ್ಲ. ತಿರುಗಿಸಿದ್ರೆ ನನ್ನ ಕೆಲಸ ಹೋಗುತ್ತೆ. ಬಲೆ ಹಾಕೋ ಜಾಗಕ್ಕೇ ಹೋಗಬೇಕು.”

“ಮಧ್ಯಮಕ್ಕಿಂತ ಸ್ವಲ್ಪ ಜಾಸ್ತಿ ಇರಬಹುದು,” ಎಂದರು ಸಾಹೇಬರು.

“ಅಂಥದ್ದೊಂದು ಇಲ್ಲವಲ್ಲ ಸಾರ್.” ಭಾವ ಇಂಜಿನ್ ಜಾಸ್ತಿ ಮಾಡಿದರು.

ಭಾವನ ಮುಖ ಆಗ ನೋಡಿದೆ. ಅದರಲ್ಲಿ ತಮಾಷೆ ಇರಲಿಲ್ಲ. ಇಷ್ಟು ದಿನ ಎಷ್ಟು ಮಧ್ಯಮಗಳನ್ನು ಅವರು ಹಲ್ಲು ಕಚ್ಚಿಕೊಂಡು ದಾಟಿದ್ದರು ಎನ್ನುವುದು ಅವರ ದವಡೆಯಲ್ಲಿ ಕಾಣುತ್ತಿತ್ತು. ಆ ಪದಗಳನ್ನೆಲ್ಲ ಕಾಗೆಗಳು ತಿರುಗಿ ನೋಡುವಷ್ಟು ಚೆಂದವಾಗಿ ಓದಿದವನು ನಾನು.

ಮೂರನೆಯ ಅಲೆಯ ನೆತ್ತಿಯಲ್ಲಿ ಸಾಹೇಬರು ಆ ಪದ ಹೇಳಿದರು. ಮೊದಲ ಸಲ ಗಾಳಿಗೆ, ಎರಡನೆಯ ಸಲ ಭಾವನಿಗೆ. ಸಾಹೇಬರು ಹೇಳಿದರೆ ಸಾಲದು, ಓದುವವನಾದ ನಾನೇ ಓದಬೇಕು, ಅದೇ ನಿಯಮ ಎಂದರು ಭಾವ. ವೈರ್‌ಲೆಸ್ ನನ್ನ ಕೈಗೆ ಬಂತು. ಆ ಕಡೆ ಕಚೇರಿಯಲ್ಲಿ ಕನ್ನಡಕ ತನ್ನ ವೈರ್‌ಲೆಸ್ಸನ್ನು ಮೈಕಿನ ಮುಂದೆ ಹಿಡಿದ.

‘ನಾವಿಕರ ಗಮನಕ್ಕೆ’ ಎಂದು ಶುರುಮಾಡಿದೆ. ಜೀವಮಾನದಲ್ಲಿ ಅಷ್ಟು ನಿಧಾನವಾಗಿ ನಾನು ಓದಿಲ್ಲ. ಗಾಳಿಯ ದಿಕ್ಕು ಹೇಳಿದೆ. ವೇಗ ಹೇಳಿ, ಮತ್ತೊಮ್ಮೆ ಹೇಳಿದೆ. ಕಣ್ಣಳತೆಯ ದೂರ, ಮೋಡ, ಉಬ್ಬರ, ಇಳಿತ, ಯಾರೂ ಕೇಳದ ತೇವಾಂಶವನ್ನೂ ಹೇಳಿದೆ. ಪ್ರತಿ ವಾಕ್ಯಕ್ಕೂ ಒಂದು ಅಲೆ ಬಂತು, ಪ್ರತಿ ಅಲೆಗೂ ಸಾಹೇಬರು ಬೇಗ ಓದಯ್ಯ ಎನ್ನುವ ಹಾಗೆ ಕೈ ಆಡಿಸಿದರು. ಸಮುದ್ರ ಪ್ರಕ್ಷುಬ್ಧ ಎಂದು ಮುಗಿಸಿದಾಗ ಭಾವ ಚುಕ್ಕಾಣಿ ತಿರುಗಿಸಿದರು.

ಜೆಟ್ಟಿಯಲ್ಲಿ ಬೋಟುಗಳ ಹಗ್ಗಗಳನ್ನು ಇನ್ನೊಂದು ಸುತ್ತು ಬಿಗಿಯುತ್ತಿದ್ದರು. ಧಣಿ ಎಲ್ಲೂ ಕಾಣಲಿಲ್ಲ. ನೆಲದ ಮೇಲೆ ಕಾಲಿಟ್ಟು ಸ್ವಲ್ಪ ಹೊತ್ತಿಗೆ ಸಾಹೇಬರ ಮುಖಕ್ಕೆ ಬಣ್ಣ ವಾಪಸ್ ಬಂತು, ಬಣ್ಣದ ಜೊತೆ ಅಧಿಕಾರವೂ ಬಂತು. ಸಹಿಯಿಲ್ಲದೆ ಪ್ರಕ್ಷುಬ್ಧ ಎಂದು ಓದಿದ್ದಕ್ಕೆ ನಾಳೆಯೊಳಗೆ ವಿವರಣೆ ಕೊಡಬೇಕು ಎಂದು ನನಗೆ ಹೇಳಿದರು.

ಅಕ್ಕ ಅದನ್ನು ಕೇಳಿಸಿಕೊಂಡಳು. ಬಗ್ಗಿ, ಭಾವ ಆಗಷ್ಟೇ ಕಟ್ಟಿದ್ದ ಹಗ್ಗವನ್ನು ಕಂಬದಿಂದ ಬಿಚ್ಚಿದಳು.

“ರೀ, ಇಂಜಿನ್ ಹಾಕಿ. ಸಾಹೇಬ್ರಿಗೆ ಇನ್ನೂ ಗೊತ್ತಾಗಿಲ್ಲ.”

ಯಾರೂ ನಗಲಿಲ್ಲ. ಜೆಟ್ಟಿಯ ಹೆಂಗಸರು, ಬಲೆಯವರು, ಐಸ್ ಹೊರುವವರು ಎಲ್ಲರೂ ಸಾಹೇಬರು ಮತ್ತು ರಸ್ತೆಯ ನಡುವೆ ನಿಂತಿದ್ದರು. ಯಾರೂ ಬಂದು ನಿಂತಿದ್ದಲ್ಲ, ಇದ್ದಲ್ಲೇ ಇದ್ದರು. ಭಾವ ಇಂಜಿನ್ ಹಾಕಿದರು. ಸಾಹೇಬರು ಅಕ್ಕನ ಕೈಯಲ್ಲಿದ್ದ ಹಗ್ಗ ನೋಡಿದರು, ನೈರುತ್ಯದಲ್ಲಿ ಆಗ ಕಪ್ಪಾಗತೊಡಗಿದ್ದ ಆಕಾಶ ನೋಡಿದರು, ಕೊನೆಗೆ ನನ್ನ ಹತ್ತಿರ ಪೆನ್ನು ಕೇಳಿದರು. ಕನ್ನಡಕ ಕಚೇರಿಯಿಂದ ಓಡಿ ತಂದ ಆವತ್ತಿನ ಮುನ್ಸೂಚನೆಗೆ ಸಹಿ ಹಾಕಿದರು. ನಾಳೆಯಿಂದ ಕನ್ನಡಕ ಬರೆದದ್ದೇ ಕೊನೆ, ತಮ್ಮ ಸಹಿ ಬೇಡ ಎಂದು ಅದರ ಕೆಳಗೆ ಬರೆದು ಅದಕ್ಕೂ ಸಹಿ ಹಾಕಿದರು. ಅಕ್ಕ ಅದನ್ನು ನನ್ನಿಂದ ಓದಿಸಿ ಕೇಳಿದ ಮೇಲೆಯೇ ಹಗ್ಗ ಕಟ್ಟಿದಳು.

ನನಗೆ ಖುಷಿಯಾಗಿತ್ತು. ಅಕ್ಕನ ಮುಖ ನೋಡಿ ನಕ್ಕೆ. ಅವಳು ನಗಲಿಲ್ಲ.

“ಬೋಟಲ್ಲಿ ಓದಿದ್ಯಲ್ಲ, ಅದನ್ನ ಬೆಳಿಗ್ಗೆ ಯಾಕೋ ಓದ್ಲಿಲ್ಲ?” ಎಂದಳು. “ಬೆಳಿಗ್ಗೆ ನಿನ್ನ ಕಾಲು ನೆಲದ ಮೇಲೆ ಇತ್ತಲ್ಲ, ಅದಕ್ಕಾ?”

ಭಾವ ನನ್ನ ಪಕ್ಕದಲ್ಲಿ ಬೂಟು ಬಿಚ್ಚಿ ನೀರು ಚೆಲ್ಲಿದರು. ಮೊದಲ ಗಾಳಿ ಜೆಟ್ಟಿಯ ಮೇಲಿನ ಖಾಲಿ ಬುಟ್ಟಿಗಳನ್ನು ಉರುಳಿಸಿಕೊಂಡು ಹೋಯಿತು. ಮಧ್ಯಾಹ್ನದ್ದು ಓದುವ ಹೊತ್ತಾಗಿತ್ತು. ನಾನು ಆ ಗಾಳಿಗೆ ಎದೆ ಕೊಟ್ಟುಕೊಂಡು ಕಚೇರಿಯ ಕಡೆ ನಡೆದೆ.