ಜ್ಯೂಲಿ ಓದಿದ ಪುಸ್ತಕಗಳು

ಜ್ಯೂಲಿ ಓದಿನಲ್ಲಿ ತಾಲೂಕಿಗೇ ಮೊದಲಿಗಳಾದ ಸುದ್ದಿ ಬಂದಾಗ ನಾನು ನಮ್ಮ ಪಂಚಾಯಿತಿ ಗ್ರಂಥಾಲಯದ ಕಸ ಗುಡಿಸುತ್ತಿದ್ದೆ. ಮೇಲ್ವಿಚಾರಕಿಯೂ ನಾನೇ, ಜವಾನಳೂ ನಾನೇ. ಫೋನು ಮಾಡಿದವನು ಮಕ್ಕಳ ಓದಿನ ಆ್ಯಪಿನ ಸಂಸ್ಥೆಯ ಮೌನೇಶ.

“ಸುಮಿತಾ ಮೇಡಂ, ನಿಮ್ಮ ಹುಡುಗಿ ನಾಕ ತಿಂಗಳದಾಗ ಒಂಬೈನೂರು ಪುಸ್ತಕ ಓದ್ಯಾಳ್ರಿ! ಶನಿವಾರ ಹಳಿಯಾಳಕ್ಕ ಕರ್ಕೊಂಡು ಬರ್ರಿ. ಬಹುಮಾನ ಕೊಟ್ಟು, ಸ್ಟೇಜ್ ಮ್ಯಾಲ ಒಂದು ಪುಟ ಓದಿಸೂಣು.”

ಆಗಲಿ ಎಂದೆ. ಫೋನಿಟ್ಟು ಉಳಿದ ಕಸ ಗುಡಿಸಿದೆ. ಜ್ಯೂಲಿಗೆ ಓದಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮೊದಲಿಗೆ ಮೋಸ ಮಾಡಬೇಕೆಂದು ಯಾರಿಗೂ ಇರಲಿಲ್ಲ. ಜ್ಯೂಲಿ ಇರುವುದು ಕಾಡಂಚಿನ ಸಿದ್ದಿ ವಾಡಾದಲ್ಲಿ, ಹನ್ನೊಂದು ಮನೆಗಳ ಕೇರಿ. ಯಾರ ಮಗು ಯಾರ ಮನೆಯಲ್ಲಿ ಉಂಡಿತು, ಎಲ್ಲಿ ಮಲಗಿತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಫೋನಿನ ಕತೆಯೂ ಅದೇ. ಜ್ಯೂಲಿಯ ಅಪ್ಪ, ಗಾರೆ ಕೆಲಸದ ಫಿಲಿಪ್‌ನ ಫೋನೇ ಎಲ್ಲರ ಫೋನು. ಆ್ಯಪಿಗೋ ಒಂದೊಂದು ಮಗುವಿಗೆ ಒಂದೊಂದು ನಂಬರು ಬೇಕು. ಫಿಲಿಪ್ ನಕ್ಕುಬಿಟ್ಟ.

“ಅಕ್ಕೋರ, ನಮ್ಮ ಹುಡುಗ್ರು ಎಲ್ಲಾ ಒಂದ ರೀ. ಜ್ಯೂಲಿ ಹೆಸರು ಹಾಕಿಬಿಡ್ರಿ. ಎಲ್ಲಾರೂ ಅದರಾಗ ಓದ್ತಾರ.”

ಹಾಕಿದೆ. ಹದಿನಾಲ್ಕು ಮಕ್ಕಳು ಸೇರಿ ಒಬ್ಬ ಜ್ಯೂಲಿಯಾದರು. ಅವರಲ್ಲಿ ಕೆಲವರು ಓದುತ್ತಿದ್ದರು, ಕೆಲವರು ಚಿತ್ರ ನೋಡಲು ಪುಟ ಸರಿಸುತ್ತಿದ್ದರು. ಆ್ಯಪಿಗೆ ಎರಡೂ ಒಂದೇ. ತಿಂಗಳ ಪಟ್ಟಿಯಲ್ಲಿ ನನ್ನ ಗ್ರಂಥಾಲಯದ ಹೆಸರು ಮೇಲೇರತೊಡಗಿದಾಗ ನನಗೆ ಕಾರಣ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಹೆಸರು ನನಗೂ ಬೇಕಾಗಿತ್ತು.

ನಿಜವಾದ ಜ್ಯೂಲಿಗೆ ಹನ್ನೊಂದು ವರ್ಷ. ಅಪ್ಪ ಅವ್ವನ ಜೊತೆ ಅರ್ಧ ವರ್ಷ ಗೋವಾದ ಕಟ್ಟಡಗಳಲ್ಲಿ ಕಳೆಯುವ ಹುಡುಗಿ. ಅಕ್ಷರಗಳು ಬಿಡಿಬಿಡಿಯಾಗಿ ಗುರುತು ಸಿಗುತ್ತವೆ, ಕೂಡಿಸಿದರೆ ಸಿಗುವುದಿಲ್ಲ. ಗ್ರಂಥಾಲಯದ ಟ್ಯಾಬನ್ನು ಚಾರ್ಜ್ ಮಾಡಿ ವಾಡಾಕ್ಕೆ ಒಯ್ಯುವವಳು ಅವಳು, ಸಣ್ಣವರನ್ನು ಸಾಲಾಗಿ ಕೂಡಿಸುವವಳೂ ಅವಳೇ. ಧ್ವನಿಯ ಗುರುತು ಒತ್ತಿದರೆ ಆ್ಯಪು ತಾನೇ ಓದಿ ಹೇಳುತ್ತದೆ. ಜ್ಯೂಲಿ ಕೇಳುತ್ತಾಳೆ.

ಶನಿವಾರಕ್ಕೆ ಮೂರು ದಿನ ಇತ್ತು. ಮೌನೇಶನಿಗೆ ಇದ್ದದ್ದು ಹೇಳಿಬಿಟ್ಟಿದ್ದರೆ ನನ್ನ ಮರ್ಯಾದೆ ಹೋಗುತ್ತಿತ್ತು, ಹುಡುಗಿ ನಾಲ್ಕು ಮಂದಿಯೆದುರು ತಲೆ ತಗ್ಗಿಸುವುದು ತಪ್ಪುತ್ತಿತ್ತು. ಹೇಳಲಿಲ್ಲ. ಅದರ ಬದಲು ಆಡಿನ ಕತೆಯೊಂದರ ಮೊದಲ ಪುಟ ಬಾಯಿಪಾಠ ಮಾಡಿಸಿದೆ. ಒಂದೇ ದಿನದಲ್ಲಿ ಅವಳಿಗೆ ಬಂತು.

“ಅವರು ಇದ ಪುಟಾ ತಗೀತಾರ ಏನ್ರಿ ಅಕ್ಕೋರ?” ಎಂದಳು.

“ಹೂಂ. ನಾ ಅವರಿಗೆ ಹೇಳೇನಿ.”

ಹೇಳಿದ್ದು ಸುಳ್ಳಲ್ಲ. ಮೌನೇಶನೂ ಒಪ್ಪಿಕೊಂಡಿದ್ದ. ಆದರೆ ಶನಿವಾರ ಮೈಕು ಕೈಗೆ ಬಂದದ್ದೇ ತಡ, ಅವನಿಗೆ ಉಮೇದು ಬಂತು.

“ಒಂಬೈನೂರು ಪುಸ್ತಕ ಓದಿದಾಕಿಗೆ ಯಾವುದಾದರ ಏನ್ರಿ! ನಿನ್ನೆ ಬಂದ ಹೊಸ ಪುಸ್ತಕ ಓದ್ಸೂಣು” ಎಂದು ಟ್ಯಾಬಿನ ಮೇಲೆ ಬೆರಳಾಡಿಸಿದ. ಹಿಂದಿನ ದೊಡ್ಡ ಪರದೆಯಲ್ಲಿ ರೈಲಿನ ಚಿತ್ರ ಬಂತು, ಕೆಳಗೆ ನಾಲ್ಕು ಸಾಲು.

ಜ್ಯೂಲಿ ನನ್ನ ಕಡೆ ನೋಡಿದಳು. ನಾನು ಎದ್ದು ಹೋಗಿ ಅವಳ ಕೈ ಹಿಡಿಯಬೇಕಿತ್ತು. ಏಳಲಿಲ್ಲ. ನನಗೆ ಏನೂ ಆಗುತ್ತಿಲ್ಲವಲ್ಲ ಎಂದಷ್ಟೇ ಅನಿಸಿತು. ಎರಡನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ಇದ್ದೆ.

ಅವಳು ಪರದೆಯ ಕಡೆ ತಿರುಗಿ, ಸಾಲುಗಳ ಕೆಳಗೆ ಬೆರಳು ಸರಿಸುತ್ತ ಶುರು ಮಾಡಿದಳು. “ಒಂದೂರಿನಲ್ಲಿ ಒಂದು ಆಡು ಇತ್ತು. ಅದಕ್ಕೆ ಎತ್ತರದ ಕೊಂಬೆಯ ಎಲೆಯೇ ಬೇಕು...” ಆ್ಯಪಿನ ಹೆಂಗಸಿನ ಕನ್ನಡ, ಅದೇ ಏರಿಳಿತ, ಅದೇ ನಿಲುಗಡೆ. ರೈಲಿನ ಪುಟದ ಮೇಲೆ ಆಡಿನ ಕತೆಯ ಮೊದಲ ಪುಟ ಪೂರ್ತಿ ಮುಗಿಯಿತು.

ಯಾರಾದರೂ ನಗುತ್ತಾರೆಂದು ಕಾದೆ. ಸಭೆಯಲ್ಲಿ ಅಧಿಕಾರಿಗಳಿದ್ದರು, ಮಾಸ್ತರರಿದ್ದರು, ನನ್ನಂಥ ಗ್ರಂಥಾಲಯದವರು ಇಪ್ಪತ್ತು ಮಂದಿ ಇದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. “ಒಂದ ಅಕ್ಷರನೂ ತಪ್ಪಲಿಲ್ಲ ನೋಡ್ರಿ!” ಎಂದ ಮೌನೇಶ. ನಾನೂ ಚಪ್ಪಾಳೆ ತಟ್ಟಿದೆ.

ಮರಳುವ ಬಸ್ಸಿನಲ್ಲಿ ಜ್ಯೂಲಿಗೆ ಕಿಟಕಿಯ ಸೀಟು ಸಿಕ್ಕಿತು. ಬಹುಮಾನದ ಹೊಸ ಟ್ಯಾಬು ಡಬ್ಬಿಯಲ್ಲೇ ತೊಡೆಯ ಮೇಲಿತ್ತು. ಬಸ್ಸು ಹಳಿಯಾಳ ದಾಟಿದ ಮೇಲೆ ಕೇಳಿದಳು.

“ಅಕ್ಕೋರ, ಪರದೆ ಮ್ಯಾಲ ಏನಿತ್ರಿ?”

“ರೈಲಿನ ಚಿತ್ರ.”

“ಅದನ್ನ ನಾನೂ ನೋಡಿದ್ನಿ. ಕೆಳಗ ಏನ ಬರದಿದ್ರು?”

ನೆನಪು ಮಾಡಿಕೊಳ್ಳಲು ನೋಡಿದೆ. ನಾಲ್ಕು ಸಾಲು ಇದ್ದವು, ದಪ್ಪ ಅಕ್ಷರ. ಒಂದು ಪದವೂ ನೆನಪಿಗೆ ಬರಲಿಲ್ಲ. ಅಷ್ಟು ಹೊತ್ತು ಅದರೆದುರಿಗೇ ಕೂತಿದ್ದೆ.

“ನಾ ಅದನ್ನ ಓದಲಿಲ್ಲ ಜ್ಯೂಲಿ” ಎಂದೆ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು.

“ಯಾಕ್ರಿ? ನಿಮಗ ಓದಾಕ ಬರ್ತೈತಲ್ರಿ?”