ಪಟೇಲನ ಬಾಲ

ಪಟೇಲನ ಬಾಲ ಯಾವಾಗಲೂ ಮೇಲಕ್ಕೆ ಎದ್ದೇ ಇರುತ್ತಿತ್ತು. ಪಟೇಲ ಎಂದರೆ ನಮ್ಮ ಮಾಳತ್ತೆಯ ಹೋತ. ಮಂದೆಯಲ್ಲಿದ್ದವೆಲ್ಲ ಕುರಿಗಳು, ಅವನೊಬ್ಬನೇ ಮೇಕೆ. ಕುರಿಗಳು ತಾವಾಗಿ ದಾರಿ ಹಿಡಿಯುವುದಿಲ್ಲ. ಮುಂದೆ ಹೋತವೊಂದು ಕೊರಳ ಗಂಟೆ ಅಲ್ಲಾಡಿಸುತ್ತ ನಡೆದರೆ ಮಾತ್ರ ಹಿಂದೆ ಹೊರಡುತ್ತವೆ. ಅದಕ್ಕೇ ಅವನಿಗೆ ಆ ಹೆಸರು.

ಊರಾಚೆಯ ಹೊಲಗಳನ್ನೂ ಹುಲ್ಲುಗಾವಲನ್ನೂ ಸೋಲಾರ್ ಕಂಪನಿ ಗುತ್ತಿಗೆಗೆ ಹಿಡಿದು ಬೇಲಿ ಹಾಕಿದ ಮೇಲೆ ಅತ್ತೆಗೆ ಕುರಿ ಮೇಯಿಸಲು ಜಾಗವೇ ಉಳಿಯಲಿಲ್ಲ. ಮಂದೆ ಮಾರುವ ಮಾತು ನಡೆದಿತ್ತು. ಅಷ್ಟರಲ್ಲಿ ಮಳೆ ಬಿದ್ದು ಪ್ಯಾನೆಲ್‌ಗಳ ಕೆಳಗೆ ಹುಲ್ಲು ಎದೆಯುದ್ದ ಬೆಳೆಯಿತು. ಗಾಜಿಗೆ ನೆರಳಾಗುತ್ತದೆಂದು ಕಂಪನಿಯವರೇ ಕುರಿಗಳನ್ನು ಕರೆದರು. ಷರತ್ತು ಒಂದೇ: ಕುರಿ ಮಾತ್ರ. ಮೇಕೆ ಹತ್ತುತ್ತದೆ, ಗಾಜು ಒಡೆಯುತ್ತದೆ. ಒಂದು ಮೇಕೆ ಕಂಡರೂ ಇಡೀ ಮಂದೆಗೆ ಗೇಟು ಬಂದ್.

"ಪಟೇಲ ಇಲ್ದೆ ಇವು ಒಳಿಕ್ ಕಾಲಿಡಲ್ಲ ಕಣೆ," ಎಂದು ಅತ್ತೆ ತಲೆಯ ಮೇಲೆ ಕೈ ಹೊತ್ತು ಕುಳಿತಳು.

ಕಾಲೇಜು ರಜೆಯಲ್ಲಿದ್ದ ನನಗೆ ಎಲ್ಲವೂ ತಮಾಷೆ. "ಪಟೇಲನ್ನೇ ಕುರಿ ಮಾಡಿಬಿಡಾಣ ಬಾ ಅತ್ತೆ!" ಅಂದೆ.

ಹೇಗೂ ಕುರಿಗಳೂ ಕರಿ, ಅವನೂ ಕರಿ. ಗಡ್ಡ ಕತ್ತರಿಸಿದೆವು. ಉಳಿದದ್ದು ಬಾಲ. ಕುರಿಯದು ಜೋಲುತ್ತದೆ, ಮೇಕೆಯದು ನಿಗುರುತ್ತದೆ. ಅತ್ತೆ ಕಂಬಳಿಯಿಂದ ಒಂದು ಎಳೆ ಹಿರಿದು, ಬಾಲವನ್ನು ಕೆಳಕ್ಕೆ ಬಗ್ಗಿಸಿ ತೊಡೆಗೆ ಕಟ್ಟಿದಳು.

ಗೇಟಿನಲ್ಲಿ ಹೊನ್ನೂರಪ್ಪ ಕಾವಲಿದ್ದ. ತನ್ನ ಹೊಲವನ್ನು ಕಂಪನಿಗೆ ಕೊಟ್ಟು, ಕಂಪನಿಯ ಟೋಪಿ ಹಾಕಿಕೊಂಡು ಅದೇ ಹೊಲ ಕಾಯುತ್ತಿದ್ದವ. ಅವನು ಪಟೇಲನನ್ನು ಕೋಡಿನಿಂದ ಬಾಲದವರೆಗೆ ನೋಡಿದ. ನಾನು ಅತ್ತೆಯ ಬೆನ್ನ ಹಿಂದೆ ಸರಿದೆ.

"ಇದ್ಯಾವ್ ಜಾತಿ ಕುರಿ ಮಾಳಕ್ಕ?"

"ಸೀಮೆ ಕುರಿ ಕಣಪ್ಪ."

"ಓಹೋ. ಗಡ್ಡ ಗಿಡ್ಡ ಬೋಳಿಸ್ಕೊಂಡೈತೆ, ಹೆಣ್ ನೋಡಾಕೆ ಹೊಂಟೈತಾ?" ಎನ್ನುತ್ತ ಗೇಟು ತೆರೆದ.

ಅಂದಿನಿಂದ ದಿನವೂ ನಾನು ಆ ಬಾಲದ ಮೇಲೆ ಕಣ್ಣಿಟ್ಟೇ ನಡೆದೆ. ಎಳೆ ಸಡಿಲವಾದಂತೆ ಕಂಡರೆ ಸಾಕು, ಓಡಿಹೋಗಿ ಬಿಗಿದು ಕಟ್ಟುತ್ತಿದ್ದೆ. ಸಾಲು ಸಾಲು ಪ್ಯಾನೆಲ್, ಒಂದರಂತೆಯೇ ಇನ್ನೊಂದು. ಎಲ್ಲಿದ್ದೇವೆಂದು ನನಗೆ ತಿಳಿಯುತ್ತಲೇ ಇರಲಿಲ್ಲ.

ಕಂಪನಿಯ ಸೂಪರ್‌ವೈಸರನ ಜೀಪು ಒಳಗೆ ಬಂದ ದಿನವೇ ಪಟೇಲ ಒಂದು ಕಡೆ ಗಕ್ಕನೆ ನಿಂತ. ಮೂಗು ಮೇಲೆತ್ತಿದ. ಮುಂಗಾಲೆರಡನ್ನೂ ಪ್ಯಾನೆಲ್ಲಿನ ಅಂಚಿಗಿಟ್ಟು ನೆಟ್ಟಗೆ ಎದ್ದು ನಿಂತ. ಎಳೆ ಪಟ್ಟನೆ ಹರಿದು ಬಾಲ ಮೇಲಕ್ಕೆ ಚಿಮ್ಮಿತು.

"ಏಯ್ ಕುರಿ! ಇಳಿ ಕೆಳೀಕೆ!" ಎನ್ನುತ್ತ ಹೊನ್ನೂರಪ್ಪ ಓಡಿಬಂದ.

"ಕುರಿಯೇನ್ರೀ ಇದು? ನನಗೇನು ಕಣ್ಣಿಲ್ವಾ?" ಸೂಪರ್‌ವೈಸರ್ ಜೀಪಿನಿಂದ ಇಳಿಯಲೂ ಇಲ್ಲ. "ಗಾಜು ಒಡೆದಿಲ್ಲ ಅಂತ ಇವತ್ತು ಬಿಟ್ಟಿದೀನಿ. ನಾಳೆ ಇದು ಒಳಗೆ ಕಂಡ್ರೆ ಮಂದೇನೂ ಇಲ್ಲ, ನಿಮ್ಮ ಕೆಲಸಾನೂ ಇಲ್ಲ."

ಜೀಪು ಹೋದದ್ದೇ ಅತ್ತೆ ಪಟೇಲನ ಮೇಲೆ ಕೋಲೆತ್ತಿದಳು. ಹೊನ್ನೂರಪ್ಪ ಕೋಲು ಹಿಡಿದುಕೊಂಡ.

"ಬ್ಯಾಡಕ್ಕ. ಅದರದ್ದೇನೂ ತಪ್ಪಿಲ್ಲ. ನಮ್ ಹೊಲದ ಜಾಲಿಮರ ಇದ್ದದ್ದು ಇಲ್ಲೇ. ಕಾಯಿ ತಿನ್ನಾಕೆ ಆಗ ಹಿಂಗೇ ನಿಲ್ತಿತ್ತಲ್ಲ."

ತಲೆಯೆತ್ತಿ ನೋಡಿದೆ. ಬರೀ ಗಾಜು, ಗಾಜಿನೊಳಗೆ ಆಕಾಶ.

"ನಂಗೇ ಗುರ್ತು ಸಿಕ್ಕಿರ್ಲಿಲ್ಲ ನೋಡವ್ವ," ಎಂದ ಹೊನ್ನೂರಪ್ಪ, ನನ್ನ ಕಡೆ ತಿರುಗಿ.

ಮರುದಿನ ಪಟೇಲನನ್ನು ಗೇಟಿನ ಹೊರಗಿನ ಕಂಬಕ್ಕೆ ಕಟ್ಟಿದೆವು. ಗೇಟು ಹಾರುಹೊಡೆದಿತ್ತು. ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿಕೊಂಡು ನಿಂತೇ ಬಿಟ್ಟವು. ಅತ್ತೆ ಹುರ್ರ್ ಎಂದಳು, ಬೈದಳು, ಬೇಡಿದಳು. ನಾನು ಹಿಂದಿನಿಂದ ನೂಕಿದೆ. ಒಂದೂ ಅಲುಗಲಿಲ್ಲ.

"ಆತು ಬಿಡೆ. ಸಂತೆಗೇ ಹೊಡಕೊಂಡು ಹೋಗಾದು," ಎಂದಳು ಅತ್ತೆ. ನನ್ನ ಬಾಯಿಗೆ ಯಾವ ತಮಾಷೆಯೂ ಬರಲಿಲ್ಲ.

ಗೇಟಿನ ಬಳಿ ಕೂತಿದ್ದ ಹೊನ್ನೂರಪ್ಪ ಎದ್ದು ಬಂದ. ಪಟೇಲನ ಕೊರಳಿಂದ ಗಂಟೆ ಬಿಚ್ಚಿಕೊಂಡ. ಟೋಪಿ ಸರಿಮಾಡಿಕೊಂಡು, ಗಂಟೆ ಅಲ್ಲಾಡಿಸುತ್ತ ಒಳಗೆ ನಡೆದ. ಒಂದು ಕುರಿ ಕತ್ತೆತ್ತಿತು. ಅದರ ಹಿಂದೆ ಇನ್ನೊಂದು. ಆಮೇಲೆ ಮಂದೆಯೇ ಧೂಳೆಬ್ಬಿಸಿಕೊಂಡು ಹೊರಟಿತು.

"ಪಟೇಲ್ರು ಹೊಂಟ್ರು ನೋಡೆ," ಎಂದ ಅತ್ತೆ ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ.

ಸಾಲುಗಳ ನಡುವೆ ಹೊನ್ನೂರಪ್ಪ ಮರೆಯಾದ. ಗಂಟೆಯ ಸದ್ದು ದೂರ ದೂರ ಸರಿದು, ಒಂದು ಕಡೆ ನಿಂತಿತು. ಜಾಲಿಮರದ ಹತ್ತಿರ ಇರಬೇಕು ಅಂದುಕೊಂಡೆ. ಕಂಬದಲ್ಲಿದ್ದ ಪಟೇಲ ಹಗ್ಗ ಜಗ್ಗಿ ಆ ಕಡೆಗೇ ಕಿವಿಕೊಟ್ಟು ನಿಂತಿದ್ದ, ಬಾಲ ಮೇಲಕ್ಕೆತ್ತಿಕೊಂಡು.