ಅತ್ತೆ ಒಪ್ಪದ ಫೋಕಸ್

ಫೋಟೋಗ್ರಾಫರನ ಹೊಸ ಲೆನ್ಸು ಕಣ್ಣಿಗೆ ಗುರಿಯಿಟ್ಟರೆ ಕಿವಿಯನ್ನು ಸ್ಪಷ್ಟವಾಗಿ ತೋರಿಸುತ್ತಿತ್ತು. ಊಟದ ಮೇಜಿನ ಮೇಲೆ ಸ್ಕೇಲನ್ನು ಓರೆಯಾಗಿಟ್ಟು ಪರೀಕ್ಷಿಸಿದ. ಸ್ಕೇಲಿನ ಹದಿನೈದನೇ ಗೆರೆಗೆ ಹಿಡಿದ ಫೋಕಸ್ ಹಿಂದಿನ ಹದಿನೇಳನೇ ಗೆರೆಗೆ ಹೋಗಿ ಕೂತಿತ್ತು. ಕ್ಯಾಮೆರಾದ ಸೆಟ್ಟಿಂಗನ್ನು ಒಂದೊಂದೇ ಅಂಕ ಬದಲಿಸುತ್ತ ಮಧ್ಯಾಹ್ನದ ಹೊತ್ತಿಗೆ ಸರಿಮಾಡಿದ. ಸರಿಮಾಡುವ ಮೊದಲೊಂದು, ಆಮೇಲೊಂದು ತೆಗೆದ ಅತ್ತೆಯ ಫೋಟೋಗಳನ್ನು ಹೆಮ್ಮೆಯಿಂದ ಅವರಿಗೇ ತೋರಿಸಿದ.

ಎರಡನೆಯದರಲ್ಲಿ ಕಣ್ಣಂಚಿನ ಸುಕ್ಕು, ಗದ್ದದ ಮೇಲಿನ ಎರಡು ಕೂದಲು ಎಲ್ಲವೂ ಎದ್ದು ಕಾಣುತ್ತಿದ್ದವು. ಅತ್ತೆಯ ಮುಖ ಗಂಟಾಯಿತು.

"ಅಳಿಯಂದ್ರೇ, ಚೆನ್ನಾಗಿದ್ದ ಕ್ಯಾಮೆರಾನ ಯಾಕೆ ಹಾಳ್ ಮಾಡಿದ್ರಿ?"

"ಅತ್ತೆ, ಈಗಲೇ ಅದು ಸರಿಯಾಗಿರೋದು."

"ಹಾಗಾದ್ರೆ ನನ್ನ ಫೋಟೋ ತೆಗೆಯೋವಾಗ ಮಾತ್ರ ಕೆಡಿಸ್ಕೊಳ್ಳಿ."

ಅವನು ಸೆಟ್ಟಿಂಗನ್ನು ಮತ್ತೆ ಮೊದಲಿದ್ದ ಸೊನ್ನೆಗೆ ತಂದ. ಅಷ್ಟರಲ್ಲಿ ಹೆಂಡತಿಯೂ ತಲೆ ಬಾಚಿಕೊಂಡು ಬಂದು ಅಮ್ಮನ ಪಕ್ಕ ಕೂತಳು.